ಬೇಡ ಅಂದರೂ ಬಿಡದವರಿಂದ ಬಿಡಿಸಿಕೊಳ್ಳುವ ಬಗೆ

ಕೂದಲು ಕತ್ತರಿಸಿಕೊಳ್ಳಲು ಕೂತರೆ ಫೇಶಿಯಲ್ ಮಾಡಿಸಿ ಅನ್ನುತ್ತಾರೆ. ಪಾಸ್‌ಬುಕ್ ಎಂಟ್ರಿಗೆ ಹೋದರೆ ಪಾಲಿಸಿ ತೋರಿಸುತ್ತಾರೆ. ಬಂಕಿನಲ್ಲಿ ಗಾಡಿ ನಿಲ್ಲಿಸುವ ಮೊದಲೇ "ಪವರ್ ಹಾಕ್ಲಾ ಸಾರ್". ಕನ್ನಡಕದ ಸ್ಕ್ರೂ ಬಿಗಿ ಮಾಡಿಸಲು ಹೋದರೆ ಹೊಸ ಲೆನ್ಸಿನ ಪಾಠ. ನಾವು ಹೋದ ಕೆಲಸ ಒಂದು, ಅಲ್ಲಿ ನಡೆಯುವ ಮಾತು ಇನ್ನೊಂದು. ಬೆಂಗಳೂರಿನಲ್ಲಿ ಇದು ಜಾಸ್ತಿ, ಆದರೆ ಈಗ ಹಾಸನ, ದಾವಣಗೆರೆ, ಹುಬ್ಬಳ್ಳಿಯ ಶೋರೂಮುಗಳಲ್ಲೂ ಇದೇ ಕಥೆ.

ಗಿರಾಕಿಗೆ ಇನ್ನೊಂದು ವಸ್ತು ತೋರಿಸುವುದು ತಪ್ಪಲ್ಲ, ಅದು ವ್ಯಾಪಾರ. ಬೆಲ್ಲ ತೆಗೆದುಕೊಂಡವರಿಗೆ "ಏಲಕ್ಕಿ ಬೇಕಾ" ಅಂತ ಶೆಟ್ಟರು ಕೇಳುತ್ತಾರೆ, ಬೇಡ ಅಂದರೆ ಲೆಕ್ಕ ಮಾಡಿ ಚೀಟಿ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ನನ್ನ ತಕರಾರು ಬೇಡ ಅಂದ ಮೇಲೂ ಹೆದರಿಸಿ, ನಾಚಿಕೆ ಹುಟ್ಟಿಸಿ, ಅರ್ಧ ಸತ್ಯ ಹೇಳಿ ತಲೆಗೆ ಕಟ್ಟುವವರ ಬಗ್ಗೆ. ಅವರಿಂದ ಪಾರಾಗುವುದನ್ನು ಕಲಿಯಬಹುದು, ಕಷ್ಟವೇನಿಲ್ಲ.

ಕಾರಣ ಹೇಳಬೇಡಿ

ಇದೊಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ನಮಗೆ ಸುಮ್ನೆ "ಬೇಡ" ಅನ್ನಲು ಸಂಕೋಚ. ಎದುರಿಗೆ ಇರುವವರಿಗೆ ಬೇಜಾರಾಗಬಾರದು ಅಂತ ಒಂದು ಕಾರಣ ಸೇರಿಸುತ್ತೇವೆ. ಆ ಕಾರಣಕ್ಕೇ ಅವರು ಕಾಯುತ್ತಾ ಇರುತ್ತಾರೆ. "ದುಬಾರಿ ಆಯ್ತು" ಅಂದರೆ "ಇಎಂಐ ಇದೆ ಸಾರ್". "ಮನೆಯವರನ್ನು ಕೇಳಬೇಕು" ಅಂದರೆ "ಈಗಲೇ ಫೋನ್ ಮಾಡಿ ಮೇಡಂ, ನಾನೇ ಮಾತಾಡ್ತೀನಿ". "ಆಮೇಲೆ ನೋಡೋಣ" ಅಂದರೆ "ನಂಬರ್ ಕೊಡಿ, ನಾಳೆ ಫೋನ್ ಮಾಡ್ತೀವಿ". "ಟೈಮ್ ಇಲ್ಲ" ಅಂದರೆ "ಎರಡೇ ನಿಮಿಷ". ನಾವು ಹೇಳಬಹುದಾದ ಪ್ರತಿ ಕಾರಣಕ್ಕೂ ಒಂದು ಉತ್ತರವನ್ನು ಅವರಿಗೆ ಟ್ರೈನಿಂಗ್‌ನಲ್ಲೇ ಬಾಯಿಪಾಠ ಮಾಡಿಸಿರುತ್ತಾರೆ.

"ಬೇಡ" ಅನ್ನುವುದಕ್ಕೆ ಮಾತ್ರ ಉತ್ತರ ಇಲ್ಲ. "ಯಾಕೆ ಬೇಡ ಸಾರ್?" ಅಂತ ಕೇಳುತ್ತಾರೆ. ಆಗಲೂ "ಬೇಡ" ಅಷ್ಟೇ. ದನಿ ಏರಿಸಬೇಡಿ, ಮಾತು ಬದಲಾಯಿಸಬೇಡಿ, ಮುಗುಳ್ನಗುತ್ತಲೇ ಅದೇ ಮಾತನ್ನು ಅದೇ ರಾಗದಲ್ಲಿ ಮತ್ತೆ ಹೇಳಿ. ಎರಡನೇ ಸಲ ಹೇಳಿದ ಮೇಲೆ ನೀವು ಬಂದ ಕೆಲಸದ ಕಡೆ ಮಾತು ತಿರುಗಿಸಿ: "ಬಿಲ್ ಮಾಡಿ", "ಎಂಟ್ರಿ ಹಾಕಿ ಕೊಡಿ", "ಕಟಿಂಗ್ ಶುರು ಮಾಡಿ". ಸಾಮಾನ್ಯವಾಗಿ ಅಲ್ಲಿಗೆ ಮಾತು ನಿಲ್ಲುತ್ತದೆ. ನಿಲ್ಲದೇ ಇದ್ದರೆ ಎದ್ದು ಬನ್ನಿ. ಎದ್ದು ಬಂದರೆ ಅಸಭ್ಯತೆ ಅಂತ ನಮ್ಮ ತಲೆಯಲ್ಲಿ ಕೂತಿದೆ. ಬೇಡ ಅಂದವರನ್ನು ಹತ್ತು ನಿಮಿಷ ಹಿಡಿದು ಕೂರಿಸಿಕೊಂಡವರಿಗೆ ಆ ಸಂಕೋಚ ಇರಲಿಲ್ಲ ಅಲ್ವಾ?

ಒಂದು ಮಾತು. ಎದುರಿಗೆ ನಿಂತಿರುವ ಹುಡುಗನ ಮೇಲೋ ಹುಡುಗಿಯ ಮೇಲೋ ಕೂಗಾಡಬೇಡಿ. ಬೆಳಿಗ್ಗೆ ಮೀಟಿಂಗ್‌ನಲ್ಲಿ ಅವರಿಗೆ ಟಾರ್ಗೆಟ್ ಕೊಟ್ಟಿರುತ್ತಾರೆ, ಸಂಜೆ ಲೆಕ್ಕ ಕೇಳುತ್ತಾರೆ. ಸಂಬಳ ಕಮ್ಮಿ, ಇನ್ಸೆಂಟಿವ್ ಮೇಲೆ ಜೀವನ. ನಿಮ್ಮ ಸಿಟ್ಟು ನ್ಯಾಯವೇ, ಆದರೆ ಅದು ಹೋಗಬೇಕಾದ್ದು ಟಾರ್ಗೆಟ್ ಇಟ್ಟವರಿಗೆ. ಅದಕ್ಕೆ ದೂರು ಕೊಡುವ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಎದುರಿಗಿರುವುದು ಯಾರು ಅಂತ ಕೇಳಿ

ಟಿವಿ, ಫ್ರಿಜ್, ಫೋನ್ ಮಾರುವ ದೊಡ್ಡ ಅಂಗಡಿಗಳಲ್ಲಿ ನಿಮ್ಮ ಜೊತೆ ಮಾತಾಡುವವರಲ್ಲಿ ಎಷ್ಟೋ ಜನ ಅಂಗಡಿಯ ನೌಕರರಲ್ಲ. ಒಂದು ಬ್ರ್ಯಾಂಡಿನ ಕಂಪನಿ ಅಲ್ಲಿ ನಿಲ್ಲಿಸಿರುವ ಪ್ರಮೋಟರ್‌ಗಳು. ಸೌಂದರ್ಯ ಸಾಮಗ್ರಿಯ ವಿಭಾಗದಲ್ಲೂ ಹಾಗೆಯೇ. ನೀವು ಯಾವ ವಾಷಿಂಗ್ ಮಷೀನ್ ಒಳ್ಳೆಯದು ಅಂತ ಕೇಳಿದರೆ ಅವರು ತಮ್ಮ ಕಂಪನಿಯದನ್ನೇ ಹೇಳಬೇಕು, ಅದೇ ಅವರ ಕೆಲಸ. ಹಾಗಾಗಿ ಮೊದಲೇ ನೇರವಾಗಿ ಕೇಳಿ: "ನೀವು ಅಂಗಡಿಯವರಾ, ಕಂಪನಿಯವರಾ?" ಸುಳ್ಳು ಹೇಳುವವರು ಕಮ್ಮಿ. ಕಂಪನಿಯವರು ಅಂತ ಗೊತ್ತಾದರೆ ಅವರ ಬ್ರ್ಯಾಂಡಿನ ವಿವರಗಳನ್ನು ಅವರಿಂದಲೇ ಚೆನ್ನಾಗಿ ತಿಳಿದುಕೊಳ್ಳಿ, ಬೇರೆ ಬ್ರ್ಯಾಂಡಿನ ಬಗ್ಗೆ ಅವರು ಹೇಳಿದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಇನ್ನು ಬಿಲ್ಲಿಂಗ್ ಹತ್ತಿರ ಬಂದಾಗ ಎಕ್ಸ್‌ಟೆಂಡೆಡ್ ವಾರಂಟಿ, ಸ್ಕ್ರೀನ್ ಇನ್ಶೂರೆನ್ಸ್, ಸ್ಟೆಬಿಲೈಜರ್, ಟೆಂಪರ್ಡ್ ಗ್ಲಾಸ್ ಸಾಲಾಗಿ ಬರುತ್ತವೆ. ದೊಡ್ಡ ಮೊತ್ತ ಖರ್ಚು ಮಾಡಲು ಮನಸ್ಸು ಮಾಡಿ ಆಗಿದೆ, ಅದರ ಮುಂದೆ ಸಾವಿರ ಎರಡು ಸಾವಿರ ಸಣ್ಣದಾಗಿ ಕಾಣುತ್ತದೆ. ಆ ಹೊತ್ತನ್ನೇ ಅವರು ನೋಡಿಕೊಂಡಿರುತ್ತಾರೆ. ಕೇಳಬೇಕಾದ್ದು ಇಷ್ಟು: ಈ ವಾರಂಟಿ ಕೊಡುವವರು ತಯಾರಕರಾ, ಅಂಗಡಿಯವರಾ, ಮೂರನೆಯವರಾ? ಯಾವ ಭಾಗಕ್ಕೆ ಅನ್ವಯ ಆಗುವುದಿಲ್ಲ? ಷರತ್ತು ಇರುವ ಕಾಗದ ಈಗಲೇ ಕೊಡುತ್ತೀರಾ? ಕಾಗದ ಆಮೇಲೆ ಮೇಲ್‌ನಲ್ಲಿ ಬರುತ್ತದೆ ಅಂದರೆ ಬೇಡ. ಫ್ರಿಜ್ಜಿನ ಕಂಪ್ರೆಸರ್‌ಗೆ, ವಾಷಿಂಗ್ ಮಷೀನಿನ ಮೋಟರ್‌ಗೆ ಕಂಪನಿಯೇ ಹಲವು ವರ್ಷದ ವಾರಂಟಿ ಕೊಟ್ಟಿರುವುದು ಸಾಮಾನ್ಯ, ಅದನ್ನೇ ಮತ್ತೆ ದುಡ್ಡು ಕೊಟ್ಟು ಕೊಳ್ಳುತ್ತಿದ್ದೀರಾ ಅಂತ ನೋಡಿ.

"ನೋ ಕಾಸ್ಟ್ ಇಎಂಐ" ಅಂದರೂ ಅಷ್ಟೇ. ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ, ಆ ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿಯಾಗಿ ತೋರಿಸಿರುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಾದರೆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಎಷ್ಟೋ ಬ್ಯಾಂಕುಗಳಲ್ಲಿ ಪ್ರೊಸೆಸಿಂಗ್ ಫೀ ಬೇರೆ. "ಒಂದೇ ಸಲ ಪೂರ್ತಿ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ?" ಅಂತ ಕೇಳಿ ನೋಡಿ, ಕೆಲವೊಮ್ಮೆ ಆ ರಿಯಾಯಿತಿ ಹಾಗೇ ಕೈಗೆ ಸಿಗುತ್ತದೆ.

ಬಂಕು, ಸಲೂನು, ಸರ್ವಿಸ್ ಸೆಂಟರು

ಬಂಕಿನಲ್ಲಿ ಹೇಳಬೇಕಾದ್ದು ಒಂದೇ ವಾಕ್ಯ: "ನಾರ್ಮಲ್ ಪೆಟ್ರೋಲ್, ಇಷ್ಟು ರೂಪಾಯಿಗೆ". ನಳಿಗೆ ಎತ್ತುವ ಮೊದಲೇ ಹೇಳಿ. ಸುಮ್ಮನಿದ್ದರೆ ಪ್ರೀಮಿಯಂ ಹಾಕಿಬಿಡುವವರಿದ್ದಾರೆ. ಗಾಡಿಯ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯ ಪೆಟ್ರೋಲ್ ಸಾಕು ಅಂತ ಬರೆದಿದ್ದರೆ ಸಾಕು, ಅಷ್ಟೇ. ಎಂಜಿನ್ ಕ್ಲೀನ್ ಮಾಡುವ ಸಣ್ಣ ಬಾಟಲಿಯನ್ನು ಮುಚ್ಚಳ ತೆಗೆದೇ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ತೆಗೆದಾಗಿದೆ ಸಾರ್ ಅಂದರೆ ನೀವು ತೆಗೆಸಿದ್ದಲ್ಲ, ದುಡ್ಡು ಕೊಡಬೇಕಾಗಿಲ್ಲ.

ಸಲೂನಿನಲ್ಲಿ ತಂತ್ರ ಬೇರೆ. ಅಲ್ಲಿ ನಮ್ಮ ಮುಖವೇ ಅವರ ಸರಕು. ಕನ್ನಡಿ ಮುಂದೆ ಕೂರಿಸಿ, ಬಟ್ಟೆ ಹೊದಿಸಿ, ಕೈ ಕಾಲು ಅಲ್ಲಾಡದ ಹಾಗೆ ಮಾಡಿದ ಮೇಲೆ "ಸ್ಕಿನ್ ತುಂಬಾ ಡ್ರೈ ಆಗಿದೆ ಮೇಡಂ", "ಟ್ಯಾನ್ ಆಗಿದೆ", "ಹೇರ್ ಫಾಲ್ ಶುರು ಆಗಿದೆ ಸಾರ್, ಈಗಲೇ ನೋಡಿಕೊಳ್ಳದೇ ಇದ್ದರೆ…" ಅಂತ ನಿಧಾನಕ್ಕೆ ಶುರು. ಎದ್ದು ಹೋಗಲು ಆಗುವುದಿಲ್ಲ, ಅರ್ಧ ಕೂದಲು ಕತ್ತರಿಸಿ ಆಗಿದೆ. ಇದಕ್ಕೆ ಮದ್ದು ಕೂರುವ ಮೊದಲೇ ಇದೆ: "ಕಟಿಂಗ್ ಮಾತ್ರ, ಬೇರೆ ಏನೂ ಬೇಡ, ಅದರ ಬಗ್ಗೆ ಕೇಳುವುದೂ ಬೇಡ" ಅಂತ ನಗುತ್ತಲೇ ಹೇಳಿ ಕೂತುಕೊಳ್ಳಿ. ಬೆಲೆಯನ್ನೂ ಆಗಲೇ ಕೇಳಿ. ಕೂದಲು ನಿಜಕ್ಕೂ ಉದುರುತ್ತಿದ್ದರೆ ಚರ್ಮದ ಡಾಕ್ಟರನ್ನು ನೋಡಿ, ಕತ್ತರಿ ಹಿಡಿದವರು ಅದಕ್ಕೆ ಓದಿದವರಲ್ಲ. ವರ್ಷದ ಪ್ಯಾಕೇಜ್ ಅಂತೂ ತೆಗೆದುಕೊಳ್ಳಲೇಬೇಡಿ. ಜಿಮ್ಮಿಗೂ ಇದೇ ಮಾತು. ತಿಂಗಳ ಲೆಕ್ಕದಲ್ಲಿ ಕಟ್ಟುವುದು ತುಸು ಜಾಸ್ತಿ ಅನಿಸಿದರೂ, ಅಂಗಡಿ ಬಾಗಿಲು ಹಾಕಿಕೊಂಡು ಹೋದಾಗ ಹೋಗುವುದು ಒಂದು ತಿಂಗಳದ್ದು ಮಾತ್ರ.

ಕಾರು, ಬೈಕು ಸರ್ವಿಸ್‌ಗೆ ಬಿಟ್ಟು ಬಂದರೆ ಮಧ್ಯಾಹ್ನ ಫೋನ್ ಬರುತ್ತದೆ. "ಥ್ರಾಟಲ್ ಬಾಡಿ ಕ್ಲೀನಿಂಗ್ ಮಾಡಬೇಕು, ಎಂಜಿನ್ ಫ್ಲಶ್ ಮಾಡಬೇಕು, ಎಸಿ ಡಿಸಿನ್ಫೆಕ್ಷನ್, ಟೆಫ್ಲಾನ್ ಕೋಟಿಂಗ್…" ಹೆಸರು ಕೇಳಿದರೇ ಭಯ ಆಗುವಂಥ ಪಟ್ಟಿ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ಕಿಲೋಮೀಟರಿಗೆ ಏನು ಮಾಡಬೇಕು ಅಂತ ಕೋಷ್ಟಕ ಇರುತ್ತದೆ. ಆ ಪುಟದ ಫೋಟೊ ಫೋನ್‌ನಲ್ಲಿ ಇರಲಿ. ಅದರಲ್ಲಿ ಇರುವುದು ಮಾಡಿ, ಇಲ್ಲದ್ದು ಬೇಡ ಅನ್ನಿ. ಜಾಬ್ ಕಾರ್ಡಿನಲ್ಲಿ "ಕೇಳದೆ ಬೇರೆ ಕೆಲಸ ಮಾಡಬಾರದು" ಅಂತ ನಿಮ್ಮ ಕೈಯಿಂದಲೇ ಬರೆದು ಸಹಿ ಹಾಕಿ. ಬ್ರೇಕ್ ಪ್ಯಾಡ್, ಟೈರು ಬದಲಾಯಿಸಬೇಕು ಅಂದರೆ ಹಾಗೇ ಬಿಡಬೇಡಿ, ಅದು ಸುರಕ್ಷತೆಯ ವಿಷಯ. "ನಾನು ಬಂದು ನೋಡುತ್ತೇನೆ, ಹಳೆಯ ಪಾರ್ಟ್ ಎತ್ತಿಡಿ" ಅನ್ನಿ.

ಹೊಸ ಗಾಡಿ ಕೊಳ್ಳುವಾಗ ಇನ್ಶೂರೆನ್ಸ್ ಇಲ್ಲೇ ಮಾಡಿಸಬೇಕು ಅನ್ನುತ್ತಾರೆ. ಮಾಡಿಸಲೇಬೇಕು ಅಂತಿಲ್ಲ. ಹೊಸ ಕಾರಿಗೆ 3 ವರ್ಷ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ, ನಿಜ. ಆದರೆ ಯಾರಿಂದ ಮಾಡಿಸುವುದು ಅನ್ನುವುದು ನಿಮ್ಮ ಆಯ್ಕೆ. ಹೊರಗಿನ ಒಂದು ಕೊಟೇಶನ್ ಪ್ರಿಂಟ್ ತೆಗೆದು ಮೇಜಿನ ಮೇಲಿಡಿ. ಆಗ ಶೋರೂಮಿನ ಬೆಲೆಯೂ ತಾನಾಗಿಯೇ ಇಳಿಯುವುದನ್ನು ನೋಡಬಹುದು.

ಕನ್ನಡಕದ ಅಂಗಡಿ

"ಬ್ಲೂ ಕಟ್ ಹಾಕಿಸಿ ಸಾರ್, ಕಂಪ್ಯೂಟರ್ ಮುಂದೆ ಕೂರ್ತೀರಲ್ಲ." ಜೊತೆಗೆ ಒಂದು ನೀಲಿ ಟಾರ್ಚು, ಒಂದು ಬಿಳಿ ಕಾರ್ಡು. ಸಾದಾ ಲೆನ್ಸಿನ ಮೂಲಕ ನೀಲಿ ಬೆಳಕು ಹಾಯುತ್ತದೆ, ಅವರ ಲೆನ್ಸಿನಲ್ಲಿ ಹಾಯುವುದಿಲ್ಲ. ಪ್ರಯೋಗ ನಿಜವೇ, ಆದರೆ ಅದರಿಂದ ನಿಮ್ಮ ಕಣ್ಣಿಗೆ ಏನು ಉಪಕಾರ ಅನ್ನುವುದು ಬೇರೆ ಪ್ರಶ್ನೆ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಕಂಪ್ಯೂಟರ್ ಬಳಕೆಯಿಂದ ಆಗುವ ಕಣ್ಣಿನ ಆಯಾಸವನ್ನು ಇಂಥ ಲೆನ್ಸು ಸಾದಾ ಲೆನ್ಸಿಗಿಂತ ಜಾಸ್ತಿ ಇಳಿಸುವಂತೆ ಅಲ್ಪಾವಧಿಯಲ್ಲಿ ಕಾಣಲಿಲ್ಲ. ಆಂಟಿ ಗ್ಲೇರ್ ಬೇರೆ ವಸ್ತು, ರಾತ್ರಿ ಗಾಡಿ ಓಡಿಸುವವರಿಗೆ ಪ್ರತಿಫಲನ ಕಮ್ಮಿ ಆಗುತ್ತದೆ, ಬೇಕಿದ್ದರೆ ಹಾಕಿಸಿ. ನಂಬರ್ ಚೀಟಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಬರೆಸಿಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು.

ಮನೆ ಬಾಗಿಲಿಗೆ ಬರುವ ನೀರಿನ ಮ್ಯಾಜಿಕ್

ಇದು ನನಗೆ ಬಹಳ ಸಿಟ್ಟು ತರಿಸುವ ಆಟ. ವಾಟರ್ ಫಿಲ್ಟರ್ ಮಾರುವವರು ಬರುತ್ತಾರೆ. "ಫ್ರೀ ವಾಟರ್ ಟೆಸ್ಟ್ ಅಮ್ಮಾ" ಅಂತ ಶುರು. ಎರಡು ಗ್ಲಾಸು. ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಫಿಲ್ಟರ್ ನೀರು. ಲೋಹದ ಕಡ್ಡಿಗಳಿರುವ ಒಂದು ಉಪಕರಣವನ್ನು ಎರಡಕ್ಕೂ ಇಳಿಸಿ ಕರೆಂಟ್ ಕೊಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೊಳೆ ತೇಲುತ್ತದೆ. ಅವರದು ತಿಳಿಯಾಗಿಯೇ ಇರುತ್ತದೆ. "ನೋಡಿ, ಮಕ್ಕಳಿಗೆ ಇದನ್ನೇ ಕುಡಿಸ್ತಾ ಇದ್ದೀರಿ." ಅಜ್ಜಿಯ ಮುಖ ಬಾಡುತ್ತದೆ, ತಾಯಿ ಪರ್ಸ್ ಹುಡುಕುತ್ತಾರೆ.

ಆ ಕೊಳೆ ನೀರಿನದ್ದಲ್ಲ, ಬಹುಪಾಲು ಆ ಕಡ್ಡಿಯದ್ದು. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಥರದ ಲವಣಗಳು ಇರುವುದರಿಂದ ವಿದ್ಯುತ್ ಹರಿಯುತ್ತದೆ. ವಿದ್ಯುತ್ ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಿನ ಬಣ್ಣ ಬಿಡುತ್ತದೆ. ಅವರು ತರುವುದು ಲವಣವನ್ನೂ ಸೋಸಿ ತೆಗೆಯುವ ಆರ್‌ಓ ಫಿಲ್ಟರಿನ ನೀರು, ಅದರಲ್ಲಿ ಲವಣ ತೀರಾ ಕಮ್ಮಿ, ಕರೆಂಟ್ ಹರಿಯುವುದೇ ಕಷ್ಟ, ಕಡ್ಡಿ ಕರಗುವುದಿಲ್ಲ. ಪರೀಕ್ಷಿಸಬೇಕಾ? ಅವರ "ಶುದ್ಧ" ನೀರಿಗೆ ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಹಾಕಿ, ಮತ್ತೆ ಮಾಡಿ ತೋರಿಸಿ ಅನ್ನಿ. ಅದೂ ಕಂದಾಗುತ್ತದೆ. ಉಪ್ಪಿನ ಡಬ್ಬಿ ಹೊರಗೆ ಬರುವ ಹೊತ್ತಿಗೆ ಬ್ಯಾಗು ಕಟ್ಟಿಕೊಳ್ಳುವವರೂ ಇದ್ದಾರೆ.

ಟಿಡಿಎಸ್ ಮೀಟರ್ ತೋರಿಸುವವರಿಗೂ ಒಂದು ಉತ್ತರ ಇರಲಿ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಮೊತ್ತ. ಕುಡಿಯುವ ನೀರಿಗೆ ಬಿಐಎಸ್ (ಗುಣಮಟ್ಟ ನಿಗದಿ ಮಾಡುವ ಕೇಂದ್ರ ಸಂಸ್ಥೆ) ಮಾನದಂಡ ಐಎಸ್ 10500 ಹೇಳುವ ಒಪ್ಪಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲ ಇಲ್ಲದಿದ್ದರೆ 2000ದವರೆಗೂ ಆಗಬಹುದು ಅನ್ನುತ್ತದೆ. ಬೆಂಗಳೂರಿನ ಕಾವೇರಿ ನೀರು ಸಾಮಾನ್ಯವಾಗಿ 500ಕ್ಕಿಂತ ಎಷ್ಟೋ ಕೆಳಗೆ ಇರುತ್ತದೆ. 500ಕ್ಕಿಂತ ಕಮ್ಮಿ ಟಿಡಿಎಸ್ ಇರುವ ಕಡೆ ಆರ್‌ಓ ಬಳಕೆಯನ್ನು ನಿಷೇಧಿಸಿ ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿತ್ತು, ನೀರು ಪೋಲಾಗುತ್ತದೆ ಅಂತ. ಆ ಮೀಟರು ರೋಗಾಣು ತೋರಿಸುವುದಿಲ್ಲ, ಫ್ಲೋರೈಡ್ ಎಷ್ಟಿದೆ ಅಂತಲೂ ಹೇಳುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಬೋರ್‌ವೆಲ್ ನೀರು ಕುಡಿಯುವವರಿಗೆ ಫ್ಲೋರೈಡ್ ನಿಜವಾದ ಚಿಂತೆ. ಅವರು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಅದಕ್ಕೆ ತಕ್ಕ ಫಿಲ್ಟರ್ ಹಾಕಿಸಲಿ. ಮಾರುವವನ ಗ್ಲಾಸಿನ ಆಟ ನೋಡಿ ತೀರ್ಮಾನ ಮಾಡುವುದು ಬೇಡ.

ಬ್ಯಾಂಕು: ಇಲ್ಲಿ ತುಂಬಾ ಎಚ್ಚರ

ಉಳಿದ ಕಡೆ ಹೋದರೆ ಸಾವಿರ, ಎರಡು ಸಾವಿರ. ಬ್ಯಾಂಕಿನಲ್ಲಿ ಹೋಗುವುದು ಲಕ್ಷದ ಲೆಕ್ಕ. ಹಾಗೆ ಸಿಕ್ಕಿಕೊಳ್ಳುವವರಲ್ಲಿ ರಿಟೈರ್ ಆದವರು ಜಾಸ್ತಿ, ಯಾಕೆಂದರೆ ಅವರ ಖಾತೆಗೆ ದೊಡ್ಡ ಮೊತ್ತ ಒಟ್ಟಿಗೆ ಬಂದದ್ದು ಶಾಖೆಯವರಿಗೆ ಮೊದಲು ಗೊತ್ತಾಗುತ್ತದೆ. ಜೊತೆಗೆ ಬ್ಯಾಂಕಿನವರು ಅಂದರೆ ಆ ತಲೆಮಾರಿಗೆ ಒಂದು ಗೌರವ, ನಂಬಿಕೆ.

ಎಫ್‌ಡಿ ರಿನ್ಯೂ ಮಾಡಿಸಲು ಹೋದ ಹಿರಿಯರನ್ನು ಒಳಗೆ ಕೂರಿಸಿ, ಕಾಫಿ ಕೊಟ್ಟು, "ಅಂಕಲ್, ಎಫ್‌ಡಿಗಿಂತ ಚೆನ್ನಾಗಿರೋದು ಇದೆ, ಟ್ಯಾಕ್ಸ್ ಕೂಡ ಇಲ್ಲ" ಅನ್ನುತ್ತಾರೆ. ಅವರು ಕೊಡುವುದು ಜೀವ ವಿಮಾ ಪಾಲಿಸಿ. ಒಂದು ಸಲ ಕಟ್ಟಿದರೆ ಸಾಕು ಅಂತ ಹೇಳಿ ಐದೋ ಹತ್ತೋ ವರ್ಷ ಪ್ರತಿ ವರ್ಷ ಕಟ್ಟಬೇಕಾದದ್ದಕ್ಕೆ ಸಹಿ ಹಾಕಿಸುತ್ತಾರೆ. ಮುಂದಿನ ವರ್ಷ ಪ್ರೀಮಿಯಂ ಮೆಸೇಜ್ ಬಂದಾಗಲೇ ಗೊತ್ತಾಗುವುದು. ಯೂಲಿಪ್ (ವಿಮೆಯ ಜೊತೆಗೆ ಹಣವನ್ನು ಮಾರುಕಟ್ಟೆಯಲ್ಲಿ ಹೂಡುವ ಪಾಲಿಸಿ) ಆದರೆ 5 ವರ್ಷ ಹಣ ತೆಗೆಯಲು ಬರುವುದಿಲ್ಲ. ಸಾಂಪ್ರದಾಯಿಕ ಪಾಲಿಸಿಯನ್ನು ಬೇಗ ನಿಲ್ಲಿಸಿದರೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಹೋಗುತ್ತದೆ.

ಕಂಡುಹಿಡಿಯುವುದು ಸುಲಭ. ಫಾರ್ಮಿನಲ್ಲಿ "ಪ್ರೀಮಿಯಂ", "ಪಾಲಿಸಿ ಟರ್ಮ್", "ಸಮ್ ಅಶ್ಯೂರ್ಡ್" ಅನ್ನುವ ಯಾವ ಪದ ಕಂಡರೂ ಅದು ಎಫ್‌ಡಿ ಅಲ್ಲ. ಎಫ್‌ಡಿಗೆ ಎತ್ತರ, ತೂಕ, ಬಿಪಿ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಎಫ್‌ಡಿಯ ರಸೀದಿ ಬ್ಯಾಂಕಿನ ಹೆಸರಿನಲ್ಲಿ ಇರುತ್ತದೆ, ಬೇರೆ ಕಂಪನಿಯ ಹೆಸರಿನಲ್ಲಿ ಅಲ್ಲ. ಖಾಲಿ ಫಾರ್ಮಿಗೆ ಸಹಿ ಹಾಕಿ, "ಉಳಿದದ್ದು ನಾವು ತುಂಬಿಕೊಳ್ತೀವಿ" ಅಂದರೆ ಪೆನ್ನು ಜೇಬಿಗೆ ಹಾಕಿಕೊಳ್ಳಿ. ಮತ್ತೆ, ವಿಮಾ ಕಂಪನಿಯಿಂದ ಪರಿಶೀಲನೆಯ ಫೋನ್ ಬರುತ್ತದೆ. "ಎಲ್ಲಕ್ಕೂ ಯೆಸ್ ಅನ್ನಿ ಅಂಕಲ್, ಬರೀ ಫಾರ್ಮಾಲಿಟಿ" ಅಂತ ಹೇಳಿಕೊಟ್ಟಿರುತ್ತಾರೆ. ಆ ಫೋನ್ ರೆಕಾರ್ಡ್ ಆಗುತ್ತದೆ, ನಾಳೆ ಜಗಳ ಆದರೆ ನಿಮ್ಮ ಯೆಸ್ ಅನ್ನೇ ನಿಮಗೆ ಕೇಳಿಸುತ್ತಾರೆ. ಅರ್ಥ ಆಗದ ಪ್ರಶ್ನೆಗೆ "ನನಗೆ ಇದನ್ನು ಎಫ್‌ಡಿ ಅಂತ ಹೇಳಿದ್ದರು" ಅಂತ ಸ್ಪಷ್ಟವಾಗಿ ಹೇಳಿ.

ಲಾಕರ್ ಬೇಕಾದರೆ ಪಾಲಿಸಿ ಮಾಡಿಸಿ ಅನ್ನುವುದು ಇನ್ನೊಂದು ವರಸೆ. ಅಂಥ ನಿಯಮ ಎಲ್ಲೂ ಇಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ಆರ್‌ಬಿಐ ಸೂಚನೆಯ ಪ್ರಕಾರ ಬ್ಯಾಂಕು ಹೊಸ ಲಾಕರಿಗೆ ಕೇಳಬಹುದಾದ ಠೇವಣಿ 3 ವರ್ಷದ ಬಾಡಿಗೆ ಮತ್ತು ಲಾಕರ್ ಒಡೆಯುವ ಖರ್ಚಿನಷ್ಟು ಮಾತ್ರ. ಲಾಕರ್ ಖಾಲಿ ಇಲ್ಲ ಅಂದರೆ ಅರ್ಜಿಗೆ ಸ್ವೀಕೃತಿ ಮತ್ತು ವೇಟಿಂಗ್ ಲಿಸ್ಟ್ ನಂಬರ್ ಕೊಡಬೇಕು. "ವೇಟಿಂಗ್ ಲಿಸ್ಟ್ ನಂಬರ್ ಬರೆದು ಕೊಡಿ" ಅಂತ ಕೇಳಿದ ಕೂಡಲೇ, ಇಲ್ಲದ ಲಾಕರ್ ಸಿಕ್ಕಿಬಿಡುವುದೂ ಉಂಟು.

ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೆ ಒಂದು ಸರಳ ವಾಕ್ಯ ಕಲಿಸಿ: "ಮಗಳು ಬಂದು ನೋಡದೆ ನಾನು ಸಹಿ ಹಾಕುವುದಿಲ್ಲ". ಕಾರಣ ಹೇಳಬೇಡಿ ಅಂತ ಮೇಲೆ ಹೇಳಿದ್ದು ನೆನಪಿದೆ, ಆದರೆ ಹಿರಿಯರಿಗೆ ಮುಖದ ಮೇಲೆ ಬೇಡ ಅನ್ನಲು ಬಾಯಿ ಬರುವುದಿಲ್ಲ, ಅವರ ಪಾಲಿಗೆ ಇದೇ ಸಲೀಸು. "ಮಗಳಿಗೆ ಫೋನ್ ಹಚ್ಚಿ" ಅಂದರೆ ಹಚ್ಚಲಿ, ನೀವು ಫೋನ್‌ನಲ್ಲಿ ಬೇಡ ಅನ್ನಿ.

ಒಡವೆ, ಸೀರೆ

ಸೀರೆ ಅಂಗಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐವತ್ತು ಸೀರೆ ಬಿಡಿಸಿ ಹಾಕಿದ್ದಾರಲ್ಲ, ಹೇಗೆ ಬರಿಗೈಲಿ ಎದ್ದು ಹೋಗುವುದು ಅನ್ನುವುದು ನಮ್ಮ ಸಂಕಟ. ಬಿಡಿಸುವುದು ಅವರ ಕೆಲಸ, ಮಡಿಸುವುದೂ ಅವರ ಕೆಲಸ. "ಚೆನ್ನಾಗಿದೆ, ನೋಡಿದ್ದಾಯಿತು, ಬರ್ತೀವಿ" ಅಂದು ಎದ್ದರೆ ಆಯಿತು. ಮೈಸೂರಿಗೆ ಹೋದವರಿಗೆ ಒಂದು ಮಾತು: ಆಟೋದವರು "ಸರ್ಕಾರಿ ಅಂಗಡಿ, ಸುಮ್ನೆ ನೋಡಿ ಬನ್ನಿ" ಅಂತ ಕರೆದುಕೊಂಡು ಹೋದರೆ ಅಲ್ಲಿ ಅವರಿಗೆ ಕಮಿಷನ್ ಇರಬಹುದು. ರೇಷ್ಮೆಗೆ ಕೆಎಸ್‌ಐಸಿ ಮಳಿಗೆ, ಗಂಧ, ಬೀಟೆ ಮರದ ಕುಸುರಿಗೆ ಕಾವೇರಿ ಎಂಪೋರಿಯಂ, ಎರಡೂ ರಾಜ್ಯ ಸರ್ಕಾರದ ಸಂಸ್ಥೆಗಳದ್ದು. ವಿಳಾಸ ಮೊದಲೇ ನೋಡಿಕೊಂಡು ಅಲ್ಲಿಗೇ ಬಿಡಿ ಅನ್ನಿ.

ಒಡವೆ ಅಂಗಡಿಯಲ್ಲಿ ಒತ್ತಡ ಹೆಚ್ಚಾಗಿ "ಇವತ್ತೇ" ಅನ್ನುವುದರಲ್ಲಿ ಇರುತ್ತದೆ. ನಾಳೆ ರೇಟ್ ಏರುತ್ತದೆ, ಇವತ್ತು ಮಜೂರಿಯಲ್ಲಿ ಡಿಸ್ಕೌಂಟ್. ಚಿನ್ನದ ರೇಟು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ, ವ್ಯತ್ಯಾಸ ಇರುವುದು ಮಜೂರಿ ಮತ್ತು ವೇಸ್ಟೇಜ್‌ನಲ್ಲಿ. ಹಾಗಾಗಿ ಗ್ರಾಂ ರೇಟ್ ಕೇಳಿ ಸುಮ್ಮನಾಗಬೇಡಿ, ಎಲ್ಲಾ ಸೇರಿಸಿದ ಅಂದಾಜು ಬಿಲ್ಲು ಚೀಟಿಯಲ್ಲಿ ಬರೆಸಿಕೊಂಡು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಿ. ಕಲ್ಲು ಇರುವ ಒಡವೆಯಲ್ಲಿ ಕಲ್ಲಿನ ತೂಕ ಕಳೆದು ಚಿನ್ನದ ತೂಕ ಬೇರೆ ಬರೆದಿದ್ದಾರಾ ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯನ್ನು ಹೆಚ್‌ಯುಐಡಿ, ಅಂದರೆ ಪ್ರತಿ ಒಡವೆಗೂ ಬೇರೆ ಬೇರೆ ಇರುವ ಆರು ಅಕ್ಷರ-ಅಂಕಿಗಳ ಗುರುತಿನ ನಂಬರ್, ಇಲ್ಲದೆ ಮಾರುವಂತಿಲ್ಲ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ ಅಂಗಡಿಯಲ್ಲೇ ನೋಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಅದೂ ಒಂದು ಸುಳಿವೇ.

ನಂಬರ್ ಕೊಡಿ ಸಾರ್

ಒಂದು ಸಾಬೂನು ಕೊಂಡರೂ ಮೊಬೈಲ್ ನಂಬರ್ ಕೇಳುತ್ತಾರೆ. "ನಂಬರ್ ಹಾಕದೆ ಬಿಲ್ ಆಗಲ್ಲ" ಅನ್ನುತ್ತಾರೆ. ಆಗುತ್ತದೆ. ನಂಬರ್ ಕೊಡದೇ ಇದ್ದರೆ ಮಾರುವುದಿಲ್ಲ ಅನ್ನುವಂತಿಲ್ಲ ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿದೆ. "ನಂಬರ್ ಇಲ್ಲದೆ ಬಿಲ್ ಮಾಡಿ" ಅನ್ನಿ, ಮ್ಯಾನೇಜರನ್ನು ಕರೆಸಿ ಅನ್ನಿ, ಹಿಂದಿನ ಸಾಲು ಗೊಣಗಿದರೂ ನಿಂತುಕೊಳ್ಳಿ.

ಹೋಟೆಲ್ ಬಿಲ್ಲಿನಲ್ಲಿ ತಾನಾಗಿಯೇ ಸೇರಿರುವ ಸರ್ವಿಸ್ ಚಾರ್ಜ್ ಕೂಡ ತೆಗೆಸಬಹುದು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಾಗೆ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಡಿಸಿದವರಿಗೆ ಕೊಡಬೇಕು ಅನಿಸಿದರೆ ಅವರ ಕೈಗೇ ಕೊಡಿ.

ಪ್ರಚಾರದ ಫೋನ್ ಕರೆಗಳಿಗೆ 1909ಕ್ಕೆ "ಸ್ಟಾರ್ಟ್ 0" ಅಂತ ಇಂಗ್ಲಿಷಿನಲ್ಲಿ ಎಸ್‌ಎಂಎಸ್ ಮಾಡಿ, ಇಲ್ಲವೇ ಅದೇ ನಂಬರಿಗೆ ಫೋನ್ ಮಾಡಿ ಡಿಎನ್‌ಡಿ (ಪ್ರಚಾರದ ಕರೆಗೆ ತಡೆ) ಹಾಕಿಸಿ. 140ರಿಂದ ಶುರುವಾಗುವ ನಂಬರ್ ಮಾರಾಟದ ಕರೆಗೆ ಮೀಸಲು, ಎತ್ತದೇ ಇದ್ದರೆ ನಷ್ಟ ಇಲ್ಲ.

ಮಾಲ್‌ನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿಸಿಕೊಳ್ಳುವವರಿಗಂತೂ ನಂಬರ್ ಕೊಡಲೇಬೇಡಿ. ವಾರದಲ್ಲಿ ಫೋನ್ ಬರುತ್ತದೆ: "ನಿಮಗೆ ಗಿಫ್ಟ್ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಬೇಕು." ಇಬ್ಬರೂ ಯಾಕೆ ಅಂದರೆ ಆಮೇಲೆ "ಮನೆಯವರನ್ನು ಕೇಳಬೇಕು" ಅನ್ನುವ ಹಾಗಿಲ್ಲ. ಹೋಟೆಲ್ ಹಾಲ್‌ನಲ್ಲಿ ಗಂಟೆಗಟ್ಟಲೆ ಕೂರಿಸಿ, ಪಕ್ಕದ ಟೇಬಲ್‌ನವರು ಸಹಿ ಹಾಕಿದಾಗ ಚಪ್ಪಾಳೆ ತಟ್ಟಿಸಿ, ರೆಸಾರ್ಟ್ ಮೆಂಬರ್‌ಶಿಪ್ ಮಾರುತ್ತಾರೆ. ಹೋಗಬೇಡಿ. ಹೋಗಲೇಬೇಕು ಅಂತ ಕುತೂಹಲ ಇದ್ದರೆ ಕಾರ್ಡುಗಳನ್ನು ಮನೆಯಲ್ಲಿ ಬಿಟ್ಟು ಹೋಗಿ.

ಫೋನಿನ ಒಳಗಿನ ಅಂಗಡಿಯಲ್ಲೂ ಇದೇ ಆಟ, ಮನುಷ್ಯರಿಲ್ಲ ಅಷ್ಟೇ. ಟಿಕೆಟ್ ಜೊತೆ ಮೊದಲೇ ಟಿಕ್ ಆಗಿರುವ ಇನ್ಶೂರೆನ್ಸ್, ಒಂದು ರೂಪಾಯಿ ದಾನ, "ಇನ್ನು 5 ನಿಮಿಷ ಮಾತ್ರ" ಅನ್ನುವ ಗಡಿಯಾರ, "ಬೇಡ, ನನಗೆ ಸುರಕ್ಷತೆ ಮುಖ್ಯವಲ್ಲ" ಅಂತ ಒತ್ತಿಸುವ ಬಟನ್. 2023ರ ನವೆಂಬರ್ 30ರಂದು ಬಂದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಹಣ ಕಟ್ಟುವ ಮೊದಲು ಕೊನೆಯ ಪುಟದ ಒಟ್ಟು ಮೊತ್ತವನ್ನು ಸಾಲು ಸಾಲಾಗಿ ಓದಿ. ಸ್ಕ್ರೀನ್‌ಶಾಟ್ ತೆಗೆದಿಡಿ, ದೂರಿಗೆ ಅದೇ ಸಾಕ್ಷಿ.

ಆಗಲೇ ಸಿಕ್ಕಿಕೊಂಡಿದ್ದರೆ

ವಿಮೆಯಾಗಿದ್ದರೆ ದಿನ ಎಣಿಸಿ. ಪಾಲಿಸಿ ದಾಖಲೆ ಕೈಗೆ ಬಂದ ದಿನದಿಂದ 30 ದಿನ ಫ್ರೀ ಲುಕ್ ಅವಧಿ ಇದೆ. ಅಷ್ಟರೊಳಗೆ ಪಾಲಿಸಿ ಬೇಡ ಅಂತ ಬರೆದು ಕೊಟ್ಟರೆ ಸ್ಟಾಂಪ್ ಡ್ಯೂಟಿ, ಮೆಡಿಕಲ್ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು, ಅಷ್ಟು ದಿನ ವಿಮೆಯ ರಕ್ಷಣೆ ಇದ್ದದ್ದಕ್ಕೆ ಆಗುವ ಪ್ರೀಮಿಯಂ ಕಳೆದು ಉಳಿದದ್ದು ವಾಪಸ್ ಬರುತ್ತದೆ. ಯೂಲಿಪ್ ಆದರೆ ಆ ದಿನದ ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ಲೆಕ್ಕವೂ ಸೇರುತ್ತದೆ. ಶಾಖೆಯವರು "ಮ್ಯಾನೇಜರ್ ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ" ಅಂತ ಆ 30 ದಿನ ತಳ್ಳಿಬಿಡಬಹುದು. ಹಾಗಾಗಿ ಶಾಖೆಯನ್ನು ನಂಬಿ ಕೂರದೆ ನೇರ ವಿಮಾ ಕಂಪನಿಗೆ ಇಮೇಲ್ ಮಾಡಿ. ಉದ್ದ ಬರೆಯಬೇಡಿ: "ನಾನು ಕೇಳಿದ್ದು ಎಫ್‌ಡಿ. ಇದು ವಿಮೆ ಅಂತ ನನಗೆ ಹೇಳಿರಲಿಲ್ಲ. ಪಾಲಿಸಿ ನಂಬರ್ ಇಂಥದ್ದು, ದಾಖಲೆ ಕೈಗೆ ಬಂದದ್ದು ಇಂಥ ದಿನ. ಫ್ರೀ ಲುಕ್ ಅವಧಿಯೊಳಗೆ ರದ್ದು ಮಾಡಿ ಹಣವನ್ನು ಈ ಖಾತೆಗೆ ಹಾಕಿ." ಇಷ್ಟೇ. ಅದೇ ಪತ್ರದ ಪ್ರತಿಯನ್ನು ಶಾಖೆಗೂ ಕೊಟ್ಟು ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸ್ಪಂದಿಸದೇ ಇದ್ದರೆ ವಿಮಾ ಕಂಪನಿಗಳ ಮೇಲ್ವಿಚಾರಣೆ ಮಾಡುವ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್, ಅಥವಾ 155255ಕ್ಕೆ ಫೋನ್. ಅವಧಿ ಮುಗಿದಿದ್ದರೂ ಸುಳ್ಳು ಹೇಳಿ ಮಾರಿದ್ದಾರೆ ಅಂತ ದೂರು ಕೊಡಬಹುದು. ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ (ಇಂಥ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಕಚೇರಿ ಇದೆ. ಬ್ಯಾಂಕಿನ ಮೇಲಾದರೆ ಮೊದಲು ಬ್ಯಾಂಕಿಗೇ ದೂರು, 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್.

ಉಳಿದ ಎಲ್ಲಕ್ಕೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ದೂರು ದಾಖಲಾದರೆ ಅದು ಕಂಪನಿಯ ಮೇಲಿನವರ ಮೇಜಿಗೆ ಹೋಗುತ್ತದೆ, ಕೌಂಟರಿನ ಹುಡುಗನ ಹತ್ತಿರ ಅಲ್ಲ. ದೂರಿಗೆ ಕೊಡುವ ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಅರ್ಜಿಗೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಒಂದು ವಸ್ತು ಕೊಂಡರೆ ಮಾತ್ರ ಇನ್ನೊಂದು ಕೊಡುತ್ತೇವೆ ಅನ್ನುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ನಿರ್ಬಂಧಿತ ವ್ಯಾಪಾರ ಪದ್ಧತಿ ಅಂತಲೇ ಕರೆಯುತ್ತದೆ, ದೂರಿನಲ್ಲಿ ಆ ಪದ ಬಳಸಿ. ಬಿಲ್ಲು, ಮೆಸೇಜು, ಮಾತಾಡಿದವರ ಹೆಸರು, ದಿನಾಂಕ, ಇವು ಇರಲಿ. ಬಿಲ್ಲು ಕೊಡದೇ ಇದ್ದರೆ ಅದನ್ನೂ ದೂರಿನಲ್ಲಿ ಸೇರಿಸಿ, ಬಿಲ್ಲು ಕೊಡದಿರುವುದೂ ಅದೇ ಕಾಯ್ದೆಯಲ್ಲಿ ಬೇರೆ ತಪ್ಪು.